ಹೊರಡುವ ಮುನ್ನ ಕೊಟ್ಟ ಮತ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಹಾಂಗ್‌ಕಾಂಗ್ ಎಂದರೆ ಒಂದು ಅಂಕದ ಪ್ರಶ್ನೆ. ಬ್ರಿಟನ್ ಅದನ್ನು ಚೀನಾಕ್ಕೆ ಒಪ್ಪಿಸಿದ್ದು ಯಾವಾಗ? 1997ರ ಜುಲೈ 1. ಉತ್ತರ ಗುರುತಿಸಿ ಮುಂದೆ ಹೋಗುತ್ತೇವೆ. ನಿಜವಾದ ಕತೆ ಇರುವುದು ಆ ದಿನಾಂಕಕ್ಕಿಂತ ಹಿಂದಿನ ವರ್ಷಗಳಲ್ಲಿ.

1984ರ ಡಿಸೆಂಬರ್‌ನಲ್ಲಿ ಎರಡೂ ದೇಶಗಳು ಜಂಟಿ ಘೋಷಣೆಗೆ ಸಹಿ ಹಾಕಿದವು. ಹಸ್ತಾಂತರದ ನಂತರವೂ 50 ವರ್ಷ ಅಲ್ಲಿನ ಜೀವನಕ್ರಮ ಬದಲಾಗದು ಎಂಬುದು ಮಾತು. ಆದರೆ ಒಂದೂವರೆ ಶತಮಾನದ ಹತ್ತಿರ ಆಳಿದ ಬ್ರಿಟನ್ ಅಷ್ಟರವರೆಗೆ ಶಾಸನಸಭೆಗೆ ಚುನಾವಣೆಯನ್ನೇ ನಡೆಸಿರಲಿಲ್ಲ! ಮೊದಲ ಚುನಾವಣೆ ನಡೆದದ್ದು 1985ರಲ್ಲಿ, ಅದೂ ಪರೋಕ್ಷವಾಗಿ. 1988ರಲ್ಲಿ ನೇರ ಚುನಾವಣೆ ಬೇಕೆಂಬ ಕೂಗು ಎದ್ದಾಗ ಸರ್ಕಾರ ಅದನ್ನು 1991ಕ್ಕೆ ಮುಂದೂಡಿತು. ಚೀನಾ ರೂಪಿಸುತ್ತಿದ್ದ ಮೂಲ ಕಾನೂನಿಗೆ ಹೊಂದುವ ಸುಧಾರಣೆಯಷ್ಟೇ 1997ರಾಚೆ ಉಳಿದೀತು ಎಂಬುದು ಅದರ ಲೆಕ್ಕಾಚಾರ.

1989ರಲ್ಲಿ ತಿಯಾನನ್ಮೆನ್ ಚೌಕದಲ್ಲಿ ಗುಂಡು ಹಾರಿತು. ಹಾಂಗ್‌ಕಾಂಗ್ ಜನ ಬೀದಿಗಿಳಿದರು. 1991ರಲ್ಲಿ ಜನರ ನೇರ ಮತಕ್ಕೆ ಬಿಟ್ಟದ್ದು 60 ಸ್ಥಾನಗಳಲ್ಲಿ 18 ಮಾತ್ರ. ಅವುಗಳಲ್ಲಿ ಹೆಚ್ಚಿನವನ್ನು ಪ್ರಜಾಪ್ರಭುತ್ವವಾದಿಗಳೇ ಗೆದ್ದರು.

1992ರಲ್ಲಿ ಬಂದ ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್ ನಡಿಗೆಯ ವೇಗ ಹೆಚ್ಚಿಸಿದರು. ವೃತ್ತಿವಾರು ಕ್ಷೇತ್ರಗಳಲ್ಲಿ ಸಾಮಾನ್ಯ ನೌಕರರಿಗೂ ಮತ ಸಿಕ್ಕಿತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನಮ್ಮಲ್ಲಿ 61ನೇ ತಿದ್ದುಪಡಿ ಅದೇ ಕೆಲಸ ಮಾಡಿದ್ದು 1989ರಲ್ಲಿ. ಚೀನಾ ಕೆರಳಿತು. 1995ರಲ್ಲಿ ಆಯ್ಕೆಯಾದ ಸಭೆ ಹಸ್ತಾಂತರದ ರಾತ್ರಿಯೇ ಮುಗಿಯಿತು. ಚೀನಾ ಮೊದಲೇ ಸಿದ್ಧಪಡಿಸಿದ್ದ ತಾತ್ಕಾಲಿಕ ಸಭೆ ಅದರ ಜಾಗಕ್ಕೆ ಬಂತು.

ಹಾಗಾದರೆ ಸರಿ ಯಾರು? ನಿಧಾನಿಸಿದವರು ಕೊಟ್ಟದ್ದು ಕಡಿಮೆ. ಧೈರ್ಯ ಮಾಡಿದವರು ಕೊಟ್ಟದ್ದರಲ್ಲಿ ಬಹುಪಾಲು ಉಳಿಯಲಿಲ್ಲ. ನನಗನ್ನಿಸುವಂತೆ ತಪ್ಪಿದ್ದು ವೇಗದಲ್ಲಲ್ಲ, ತಡವಾಗಿ ಹೊರಟದ್ದರಲ್ಲಿ. ವರ್ಷವಿಡೀ ಮುಚ್ಚಿಟ್ಟ ಪುಸ್ತಕವನ್ನು ಪರೀಕ್ಷೆಯ ಹಿಂದಿನ ವಾರ ತೆರೆದರೆ ನಿಧಾನವಾಗಿ ಓದಿದರೂ ಕಷ್ಟ, ಓಡಿಸಿದರೂ ಕಷ್ಟ.

ಆದರೂ ಒಂದು ಉಳಿಯಿತು: 18ಕ್ಕೇ ಮತ ಹಾಕುವ ಹಕ್ಕು. ಅಲ್ಲಿನ ಯುವಕರಿಗೆ ಅದು ಸಿಕ್ಕಿದ್ದು ಆಳುವವರು ಗಂಟುಮೂಟೆ ಕಟ್ಟುವ ಹೊತ್ತಿನಲ್ಲಿ. ನಮಗೆ ಹುಟ್ಟಿನಿಂದಲೇ ಖಾತ್ರಿಯಾಗಿದೆ. ಮತದಾನದ ದಿನವನ್ನು ಬರೀ ರಜೆ ಎಂದುಕೊಳ್ಳುವ ಮುನ್ನ ಇದೊಂದು ನೆನಪಿದ್ದರೆ ಸಾಕು.