ನಡೆಯುತ್ತ ನೂಲುವ ಕೈ

ನೂಲುವುದೆಂದೊಡನೆ ನಮ್ಮಲ್ಲಿ ಅನೇಕರ ಕಣ್ಮುಂದೆ ಬರುವುದು ಚಾಪೆಯ ಮೇಲೆ ಕುಳಿತು ರಾಟೆ ತಿರುಗಿಸುವ ಚಿತ್ರ. ಅದು ಹತ್ತಿಯ ಕಥೆ. ಉಣ್ಣೆಯ ಕಥೆಯೇ ಬೇರೆ. ಉಣ್ಣೆಯನ್ನು ನಡೆಯುತ್ತಲೇ ನೂಲಬಹುದು. ಕುರಿಗಾರರು ತಲೆತಲಾಂತರದಿಂದ ಹಾಗೆಯೇ ನೂಲುತ್ತ ಬಂದವರು. ಹೆಗಲ ಮೇಲೆ ಕಂಬಳಿ, ಮುಂಗೈಗೆ ಸುತ್ತಿದ ಉಣ್ಣೆಯ ಹಂಜಿ, ಬೆರಳ ತುದಿಯಲ್ಲಿ ತಿರುಗುವ ತಕಲಿ, ಮುಂದೆ ಹಿಂಡು, ಬದಿಯಲ್ಲಿ ನಾಯಿ. ಹಿಮಾಚಲ ಪ್ರದೇಶದ ಗದ್ದಿ ಕುರಿಗಾರರಲ್ಲಿಯೂ ನಮ್ಮ ದಖ್ಖನ್ನಿನ ಬಯಲುಗಳಲ್ಲಿಯೂ ಇದು ಕಂಡುಬಂದ ದೃಶ್ಯವೇ.

ಇದಕ್ಕೆ ಕಾರಣ ಎಳೆಯಲ್ಲಿಯೇ ಇದೆ. ಹತ್ತಿಯ ಎಳೆ ಗಿಡ್ಡ. ಸ್ವಲ್ಪ ಜಗ್ಗಿದರೆ ತುಂಡಾಗುತ್ತದೆ, ಆದುದರಿಂದ ಕುಳಿತು ಏಕಾಗ್ರತೆಯಿಂದ ನೂಲಬೇಕು. ಉಣ್ಣೆಯ ಎಳೆ ಅದಕ್ಕಿಂತ ಉದ್ದ. ಅದರ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹುರುಪೆಗಳಿದ್ದು, ಒಂದೆಳೆ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೂಲು ಕಡಿದರೂ ಎರಡು ತುದಿಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು ಹುರಿ ಕೊಟ್ಟರೆ ಸಾಕು, ಕೂಡಿಕೊಳ್ಳುತ್ತದೆ. ನಡಿಗೆಯ ಏರಿಳಿತವನ್ನು ತಾಳಿಕೊಳ್ಳುವ ಗುಣ ಉಣ್ಣೆಗಿದೆ.

ನೂಲುವ ಕೆಲಸ ನಮಗೆ ಪರಕೀಯವಲ್ಲ. ಶರಣೆ ಕದಿರ ರೆಮ್ಮವ್ವೆಗೆ ಅದೇ ಕಾಯಕ; ಅವಳ ಹೆಸರಿನಲ್ಲಿಯೇ ಕದಿರು ಸೇರಿಕೊಂಡಿದೆ. ಇಂದು ನಮ್ಮ ಮನೆಗಳಲ್ಲಿ ನಿವೃತ್ತರಾದ ಹಿರಿಯರು, ಮಕ್ಕಳು ದೊಡ್ಡವರಾಗಿ ಕೈ ಬಿಡುವಾದ ತಾಯಂದಿರು ಬೆಳಗು ಸಂಜೆ ಬಡಾವಣೆಯ ಬೀದಿಗಳಲ್ಲಿ ನಡೆಯುತ್ತಾರೆ. ಸಾಕುನಾಯಿಯಿದ್ದ ಮನೆಯಲ್ಲಂತೂ ನಡಿಗೆ ತಪ್ಪಿಸುವಂತೆಯೇ ಇಲ್ಲ. ಹೊತ್ತಾಯಿತೆಂದು ಅದೇ ಬಾಗಿಲ ಬಳಿ ಬಂದು ನಿಲ್ಲುತ್ತದೆ. ಆ ನಡಿಗೆಯಲ್ಲಿ ಒಂದು ತಕಲಿಯೂ ಜೊತೆಗಿರಲಿ ಎಂಬುದು ಈ ಲೇಖನದ ಸೂಚನೆ.

ನಾಯಿಯ ನಡಿಗೆಯನ್ನು ಗಮನಿಸಿದವರು ಬಲ್ಲರು: ಅದು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಪ್ರತಿಯೊಂದು ಕಂಬ, ಪ್ರತಿಯೊಂದು ಗಿಡದ ಬುಡ ಅದಕ್ಕೆ ಓದಬೇಕಾದ ಪತ್ರಿಕೆ. ಅದು ಮೂಸಿ ಮುಗಿಸುವ ಹೊತ್ತಿಗೆ ಇತ್ತ ಒಂದು ಮಾರು ನೂಲು ಆಗಿರುತ್ತದೆ. ಆದರೆ ಎಳೆಯುವ ನಾಯಿಯೊಡನೆ ಇದು ಸಾಗದು. ಓಟಕ್ಕೆಂದೇ ಹುಟ್ಟಿದ, 2005ರಲ್ಲಿ ಭಾರತೀಯ ಅಂಚೆಚೀಟಿಯ ಮೇಲೆಯೂ ಕಾಣಿಸಿಕೊಂಡ ನಮ್ಮ ಮುಧೋಳ ನಾಯಿಯನ್ನು ಒಂದು ಕೈಯಲ್ಲಿ, ತಕಲಿಯನ್ನು ಇನ್ನೊಂದರಲ್ಲಿ ಹಿಡಿಯುವ ಸಾಹಸ ಬೇಡ. ಅಂಥವರು ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತು, ನಾಯಿ ದಣಿವಾರಿಸಿಕೊಳ್ಳುವಾಗ ನೂಲುವುದು ಲೇಸು. ವಾಹನ ಓಡಾಡುವ ರಸ್ತೆಯಲ್ಲಿ ಯಾರಿಗೂ ಇದು ಸಲ್ಲದು. ಇನ್ನೊಂದು ಎಚ್ಚರಿಕೆ: ಕುರಿಯ ವಾಸನೆಯುಳ್ಳ ನೂಲು ನಾಯಿಗೆ ಬಲು ಆಕರ್ಷಕ. ಉದ್ದ ನೂಲು ನುಂಗಿದರೆ ಕರುಳಿಗೆ ಸಿಕ್ಕಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಉಂಡೆಗಳನ್ನು ಎತ್ತರದಲ್ಲಿಡಬೇಕು.

ಉಣ್ಣೆಯೆಲ್ಲಿ ಸಿಗುತ್ತದೆ ಎಂದು ಕೇಳುವಿರಾದರೆ, ಉತ್ತರ ವಿಷಾದಕರ. ಬೇಕಾದಷ್ಟಿದೆ, ಕೇಳುವವರಿಲ್ಲ. ಉತ್ತರ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ದಖ್ಖನಿ ಕುರಿಯ ಉಣ್ಣೆ ಒರಟು, ಹೆಚ್ಚಾಗಿ ಕಪ್ಪು. ಮೆರಿನೋ ಉಣ್ಣೆಯ ಎಳೆಗಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಒಂದು ಕುರಿಯಿಂದ ವರ್ಷಕ್ಕೆ ಸಿಗುವುದು ಸಾಮಾನ್ಯವಾಗಿ ಒಂದು ಕಿಲೋ ಕೂಡ ಇಲ್ಲ. ಚಳ್ಳಕೆರೆಯ ಸುತ್ತಲೂ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿಯೂ ಅದನ್ನು ಹಿಂಜಿ, ನೂತು, ಹುಣಸೆಬೀಜದ ಗಂಜಿ ಉಣಿಸಿ, ಕುಣಿಮಗ್ಗದಲ್ಲಿ ಕಂಬಳಿ ನೇಯ್ದರು. ಆ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡವರು ಮಳೆಯಲ್ಲಿಯೂ ಹೊಲದ ಕೆಲಸ ನಿಲ್ಲಿಸಲಿಲ್ಲ. ಅಗ್ಗದ ಯಂತ್ರದ ಹೊದಿಕೆಗಳು ಬಂದ ಮೇಲೆ ಅದರ ಬೇಡಿಕೆ ಕುಸಿಯಿತು. ಕತ್ತರಿಸಿದ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಉಣ್ಣೆಯನ್ನು ಚೆಲ್ಲಿಬಿಡುತ್ತಾರೆ. ಮಾಂಸಕ್ಕೆಂದು ಉಣ್ಣೆಯಿಲ್ಲದ ತಳಿಗಳ ಟಗರುಗಳನ್ನು ಹಿಂಡಿಗೆ ಬಿಡುತ್ತಿರುವುದರಿಂದ ಕರಿಯ ಉಣ್ಣೆಯ ಕುರಿಯೇ ವಿರಳವಾಗುತ್ತಿದೆ. ಒಂದೆರಡು ಮನೆಗಳ ತಕಲಿಯಿಂದ ಇದು ನಿಲ್ಲದು ನಿಜ. ಆದರೆ ಕುರಿಗಾರನ ಬಳಿ ಹೋಗಿ ಉಣ್ಣೆಗೆ ಬೆಲೆ ಕೇಳುವವರೊಬ್ಬರು ಇದ್ದಾರೆಂಬುದೂ ಅವನಿಗೆ ಸಣ್ಣ ಮಾತಲ್ಲ.

ಕಲಿಯುವವರು ಮರಿಯ ಮೊದಲ ಕತ್ತರಿಯ ಉಣ್ಣೆಯನ್ನೇ ಕೇಳಿ ಪಡೆಯಿರಿ; ಅದು ಎಲ್ಲಕ್ಕಿಂತ ಮೃದು. ಉಗುರುಬೆಚ್ಚನೆಯ ನೀರಿನಲ್ಲಿ ಸೀಗೆಪುಡಿ ಹಾಕಿ ನೆನೆಸಿ, ತಿಕ್ಕದೆ ಎತ್ತಿ ಒಣಗಿಸಿ. ಬಿಸಿನೀರಿನಲ್ಲಿ ತಿಕ್ಕಿದರೆ ಗಂಟುಗಟ್ಟಿ ಹೋಗುತ್ತದೆ. ಜಿಡ್ಡನ್ನು ಪೂರ್ತಿ ತೆಗೆಯಬೇಡಿ, ಅದು ನೂಲುವ ಕೈಗೆ ಅನುಕೂಲ. ಮುಳ್ಳು ಕಸ ಆಯ್ದು, ಬೆರಳಿನಿಂದ ಹಿಂಜಿ, ಹಂಜಿ ಮಾಡಿ. ಹಿಂದೆ ಶಾಲೆಗಳಲ್ಲಿ ಹತ್ತಿಗೆ ಬಳಸುತ್ತಿದ್ದ ತೆಳುವಾದ ತಕಲಿ ಇದಕ್ಕೆ ಹಗುರವಾಯಿತು; ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ಕಡ್ಡಿಗೆ ಮರದ ಬಿಲ್ಲೆ ಹಾಕಿಸಿದರೆ ಸರಿ. ಮೊದಲ ವಾರ ಮನೆಯ ಪಡಸಾಲೆಯಲ್ಲಿ ನಿಂತು, ಎರಡನೆಯ ವಾರ ಅಂಗಳದಲ್ಲಿ ನಡೆದು ಅಭ್ಯಾಸ ಮಾಡಿ, ಆಮೇಲೆ ಬೀದಿಗೆ. ಎರಡು ನೂಲುಗಳನ್ನು ಎದುರು ದಿಕ್ಕಿಗೆ ಹೊಸೆದು ಜೋಡಿ ಮಾಡಿದರೆ ಆಸನವೋ ಜೋಳಿಗೆಯೋ ಹೆಣೆಯುವಷ್ಟು ಗಟ್ಟಿಯಾಗುತ್ತದೆ.

ಊರಲ್ಲಿ ಹೊಲವಿದ್ದವರಿಗೆ ಇನ್ನೂ ಸುಲಭ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ನಿಮ್ಮ ಹೊಲದಲ್ಲಿ ಕುರಿ ನಿಲ್ಲಿಸುವವರು ಬಂದಾಗ, ಲೆಕ್ಕ ತೀರಿಸುವ ಮುನ್ನ ಎರಡು ಕಿಲೋ ಕರಿಯ ಉಣ್ಣೆಗೂ ಮಾತಾಡಿ ಇಡಿ.