ಎರಡು ಸಲ ಗ್ರಹಣ ಹಿಡಿದ ವಿಮಾನ

ಇಂಗ್ಲಿಷಿನ ‘ಎಕ್ಲಿಪ್ಸ್’ ಎಂಬ ಶಬ್ದಕ್ಕೆ ಗ್ರಹಣವೆಂದು ಅರ್ಥ. ಹುಟ್ಟಿದ ಕೂಸಿಗೆ ಗ್ರಹಣವೆಂದು ಹೆಸರಿಡುವ ಧೈರ್ಯ ನಮ್ಮ ಕಡೆ ಯಾರಿಗೂ ಬಾರದು. ಶಕುನ ಅಪಶಕುನಗಳ ಗೊಡವೆ ಇಲ್ಲದ ಅಮೆರಿಕೆಯ ಉದ್ಯಮಿಯೊಬ್ಬನು ೧೯೯೮ರಲ್ಲಿ ತಾನು ಸ್ಥಾಪಿಸಿದ ವಿಮಾನ ಸಂಸ್ಥೆಗೆ ಇದೇ ಹೆಸರನ್ನಿಟ್ಟನು. ಹತ್ತು ವರ್ಷಗಳಲ್ಲಿ ಆ ಸಂಸ್ಥೆ ದಿವಾಳಿ ಎದ್ದಿತು. ಬೇರೆಯವರು ಬಂದು ಅದನ್ನು ಎತ್ತಿ ನಿಲ್ಲಿಸಿದರು. ಇನ್ನೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಮರಳಿ ನ್ಯಾಯಾಲಯದ ಮೆಟ್ಟಿಲೇರಿತು. ಹೀಗೆ ಎರಡು ಸಲ ಬಿದ್ದು ಎದ್ದ ಈ ಸಂಸ್ಥೆಯ ಕಥೆ ಕೇವಲ ಧನಿಕರ ವಿನೋದದ ಕಥೆಯಲ್ಲ. ಅಗ್ಗವಾಗಿ ಮಾರಬೇಕೆಂಬ ಸದಾಸೆ ಯಾವಾಗ ಆಪತ್ತಾಗುತ್ತದೆ, ಮುಳುಗಿದ ಉದ್ಯಮದಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು ಎಂಬುದನ್ನು ಅದು ಎಲ್ಲರಿಗೂ ಕಲಿಸುವಂತಿದೆ.

ಹತ್ತು ಲಕ್ಷಕ್ಕಿಂತ ಅಗ್ಗದ ಜೆಟ್

ಆ ಉದ್ಯಮಿಯ ಹೆಸರು ವರ್ನ್ ರೇಬರ್ನ್. ಆತ ಮೈಕ್ರೋಸಾಫ್ಟ್ ಸಂಸ್ಥೆಯ ಆರಂಭದ ದಿನಗಳಲ್ಲಿ ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದವನು. ವಿಮಾನದ ಕಾರ್ಖಾನೆ ನೆಲೆಗೊಂಡದ್ದು ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿ ನಗರದಲ್ಲಿ. ೧೯೭೫ರಲ್ಲಿ ಮೈಕ್ರೋಸಾಫ್ಟ್ ಜನ್ಮ ತಾಳಿದುದೂ ಅದೇ ಊರಿನಲ್ಲಿ. ಕಂಪ್ಯೂಟರುಗಳ ಬೆಲೆ ವರ್ಷವರ್ಷಕ್ಕೂ ಇಳಿಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ರೇಬರ್ನ್, ವಿಮಾನಗಳ ಬೆಲೆಯೂ ಏಕೆ ಇಳಿಯಬಾರದು ಎಂದು ಪ್ರಶ್ನಿಸಿದನು. ಹಣ ಹೂಡಿದವರಲ್ಲಿ ಬಿಲ್ ಗೇಟ್ಸ್ ಕೂಡ ಒಬ್ಬರು.

ಯೋಜನೆಯೇನೋ ಮೋಹಕವಾಗಿಯೇ ಇತ್ತು. ಚಾಲಕನೂ ಸೇರಿ ಆರು ಮಂದಿ ಕೂರಬಹುದಾದ, ಎರಡು ಜೆಟ್ ಎಂಜಿನುಗಳ ಪುಟ್ಟ ವಿಮಾನ. ಒಬ್ಬನೇ ಚಾಲಕ ನಡೆಸಬಲ್ಲಷ್ಟು ಸರಳ. ಪ್ರಯಾಣಿಕರು, ಇಂಧನ ಎಲ್ಲವೂ ಸೇರಿ ಅದರ ತೂಕ ಸುಮಾರು ೨,೭೦೦ ಕಿಲೋಗ್ರಾಂ ಮಾತ್ರ. ಗಂಟೆಗೆ ಸುಮಾರು ೬೮೫ ಕಿಲೋಮೀಟರ್ ವೇಗ, ೪೧,೦೦೦ ಅಡಿಗಳ ಎತ್ತರ. ಬೆಲೆ ಮಾತ್ರ ಹತ್ತು ಲಕ್ಷ ಡಾಲರಿಗಿಂತಲೂ ಕಡಮೆ! ಆ ಕಾಲದಲ್ಲಿ ಸಣ್ಣ ಜೆಟ್ ವಿಮಾನವೊಂದನ್ನು ಕೊಳ್ಳಬೇಕಾದರೆ ಇದರ ಮೂರು ನಾಲ್ಕು ಪಾಲು ಹಣ ತೆರಬೇಕಾಗಿತ್ತು.

ಇಷ್ಟು ಅಗ್ಗವಾಗಿ ಮಾರುವುದು ಹೇಗೆ? ರೇಬರ್ನ್ ಕೊಟ್ಟ ಉತ್ತರ ಸರಳವಾಗಿತ್ತು. ವಿಮಾನಗಳನ್ನು ಹತ್ತಾಗಿ, ಇಪ್ಪತ್ತಾಗಿ ಮಾಡದೆ ಮೋಟಾರು ಕಾರುಗಳಂತೆ ಸಾವಿರವಾಗಿ ಮಾಡಬೇಕು. ಉಪಕರಣ, ಅಚ್ಚು, ಪರೀಕ್ಷೆಗಳ ವೆಚ್ಚ ಹತ್ತು ವಿಮಾನಗಳ ಮೇಲೆ ಬಿದ್ದರೆ ಬೆನ್ನು ಮುರಿಯುತ್ತದೆ. ಸಾವಿರದ ಮೇಲೆ ಹಂಚಿಹೋದರೆ ಹಗುರಾಗುತ್ತದೆ. ಕೆಲಸವನ್ನು ಶೀಘ್ರಗೊಳಿಸಲು ಹೊಸದೊಂದು ಬೆಸುಗೆಯ ವಿಧಾನವನ್ನೂ ಆತ ತಂದನು. ವಿಮಾನದ ಹೊದಿಕೆಯನ್ನು ಸಾಮಾನ್ಯವಾಗಿ ಸಾವಿರಾರು ರಿವೆಟ್‌ಗಳನ್ನು ಬಡಿದು ಜೋಡಿಸುತ್ತಾರೆ. ಇಲ್ಲಿಯಾದರೋ, ಗಿರಗಿರನೆ ತಿರುಗುವ ಮೊಳೆಯಂಥ ಉಪಕರಣವನ್ನು ಎರಡು ತಗಡುಗಳ ಸಂಧಿಯಲ್ಲಿ ಒತ್ತಿ ನಡೆಸುವರು. ಉಜ್ಜಾಟದ ಬಿಸಿಗೆ ಲೋಹ ಕರಗಿ ನೀರಾಗುವುದಿಲ್ಲ. ನಾದಿದ ಹಿಟ್ಟಿನಂತೆ ಮೆದುವಾಗಿ ಒಂದರೊಳಗೊಂದು ಬೆರೆತುಕೊಳ್ಳುತ್ತದೆ. ೧೯೯೧ರಲ್ಲಿ ಇಂಗ್ಲೆಂಡಿನ ಬೆಸುಗೆ ಸಂಶೋಧನಾಲಯದಲ್ಲಿ ಕಂಡುಹಿಡಿದ ಈ ವಿಧಾನದಿಂದ ಎಕ್ಲಿಪ್ಸ್ ವಿಮಾನದಲ್ಲಿ ಬಹುಪಾಲು ರಿವೆಟ್‌ಗಳೇ ಬೇಡವಾದವು.

ಕೂಸು ಹುಟ್ಟುವ ಮುನ್ನ ಕುಲಾವಿ

ಮೊದಲ ಎಡವು ಎಂಜಿನಿನದು. ವಿಲಿಯಮ್ಸ್ ಎಂಬ ಕಂಪೆನಿಯ ಅತಿ ಹಗುರವಾದ ಎಂಜಿನುಗಳನ್ನು ನಂಬಿ ವಿಮಾನದ ವಿನ್ಯಾಸವಾಗಿತ್ತು. ೨೦೦೨ರ ಆಗಸ್ಟ್ ೨೬ರಂದು ‘ಎಕ್ಲಿಪ್ಸ್ ೫೦೦’ ಮೊದಲ ಬಾರಿಗೆ ನೆಲ ಬಿಟ್ಟಿತು. ಆದರೆ ಎಂಜಿನುಗಳ ಬಲ ಸಾಲದು, ಅವು ನೆಚ್ಚಿಗೆಗೆ ಯೋಗ್ಯವಲ್ಲ ಎಂಬುದು ಬೇಗನೆ ಮನವರಿಕೆಯಾಯಿತು. ಅದೇ ವರ್ಷ ಆ ಒಪ್ಪಂದವನ್ನು ಮುರಿದು, ೨೦೦೩ರಲ್ಲಿ ಕೆನಡಾದ ಪ್ರಾಟ್ ಅಂಡ್ ವಿಟ್ನಿ ಕಂಪೆನಿಯ ಹೊಸ ಎಂಜಿನುಗಳನ್ನು ಆರಿಸಿದರು. ಅವು ಬಲವಾದವು, ಜೊತೆಗೆ ಭಾರವಾದವು. ಆದುದರಿಂದ ವಿಮಾನದ ವಿನ್ಯಾಸವನ್ನೂ ತಿದ್ದಬೇಕಾಯಿತು. ಹೊಸ ಎಂಜಿನುಗಳೊಡನೆ ವಿಮಾನ ಹಾರಿದ್ದು ೨೦೦೪ರ ಡಿಸೆಂಬರ್ ೩೧ರಂದು. ಎರಡು ವರ್ಷಗಳಿಗೂ ಮಿಕ್ಕ ಕಾಲ ಹೀಗೆ ಕೈತಪ್ಪಿತು.

ಇಷ್ಟಾದರೂ ಕೀರ್ತಿಗೆ ಕೊರತೆಯಾಗಲಿಲ್ಲ. ಅಮೆರಿಕೆಯ ವಿಮಾನ ರಂಗದ ಅತ್ಯುನ್ನತ ಗೌರವವಾದ ಕಾಲಿಯರ್ ಪಾರಿತೋಷಕ ೨೦೦೫ನೆಯ ಸಾಲಿಗೆ ಎಕ್ಲಿಪ್ಸಿಗೆ ಸಂದಿತು. ಮಾರಾಟಕ್ಕೆ ಒಂದೇ ಒಂದು ವಿಮಾನವೂ ಇನ್ನೂ ಸಿದ್ಧವಾಗಿರಲಿಲ್ಲ! ಎರಡು ಸಾವಿರಕ್ಕೂ ಮಿಕ್ಕಿ ವಿಮಾನಗಳಿಗೆ ಬೇಡಿಕೆ ಬಂದಿದೆಯೆಂದು ಸಂಸ್ಥೆ ಸಾರಿತು. ಅದರಲ್ಲಿ ದೊಡ್ಡ ಪಾಲು ಫ್ಲಾರಿಡಾದ ಡೇಜೆಟ್ ಎಂಬ ಒಂದೇ ಕಂಪೆನಿಯದು. ಸಣ್ಣ ಊರುಗಳ ನಡುವೆ ಟ್ಯಾಕ್ಸಿಯಂತೆ ಜೆಟ್ ವಿಮಾನಗಳನ್ನು ಓಡಿಸುವುದು ಆ ಕಂಪೆನಿಯ ಹಂಚಿಕೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ವರ್ಷಕ್ಕೆ ಸಾವಿರ ವಿಮಾನಗಳೆಂಬ ಲೆಕ್ಕದ ಮೇಲೆಯೇ ಎಲ್ಲವೂ ನಿಂತಿತ್ತು.

ಸರ್ಕಾರದ ಪೂರ್ಣ ಅರ್ಹತಾಪತ್ರ ದೊರೆತದ್ದು ೨೦೦೬ರ ಸೆಪ್ಟೆಂಬರಿನಲ್ಲಿ. ಮರುವರ್ಷ ಗ್ರಾಹಕರ ಕೈಸೇರಿದ ವಿಮಾನಗಳು ಸಾವಿರವಲ್ಲ, ೯೮. ಅವೂ ಸರ್ವಾಂಗ ಸಂಪೂರ್ಣವಾಗಿರಲಿಲ್ಲ. ಚಾಲಕನ ಮುಂದಿನ ವಿದ್ಯುನ್ಮಾನ ಫಲಕಗಳನ್ನು ಒದಗಿಸುತ್ತಿದ್ದ ಕಂಪೆನಿಯೊಡನೆ ಸಂಬಂಧ ಮುರಿದು ಬೇರೆ ವ್ಯವಸ್ಥೆಯನ್ನು ಅಳವಡಿಸಬೇಕಾಗಿ ಬಂದುದರಿಂದ, ಮಾರಿದ ವಿಮಾನಗಳನ್ನು ಮರಳಿ ತರಿಸಿ ಸರಿಪಡಿಸಿಕೊಡುವ ಹೊಣೆ ಸಂಸ್ಥೆಯ ತಲೆಯ ಮೇಲೆಯೇ ಬಿದ್ದಿತು. ತಯಾರಿಕೆಯ ವೆಚ್ಚ ಮಾರಾಟದ ಬೆಲೆಯನ್ನು ಮೀರಿತ್ತು. ಹೀಗಾಗಿ ವಿಮಾನ ಮಾರಿದಷ್ಟೂ ನಷ್ಟವೇ ಬೆಳೆಯುತ್ತಿತ್ತು. ಹತ್ತು ಲಕ್ಷದೊಳಗೆ ಎಂದು ಹೊರಟ ಬೆಲೆ ೨೦೦೮ರಲ್ಲಿ ೨೧.೫ ಲಕ್ಷ ಡಾಲರಿಗೆ ಏರಿತು. ಮುಂಗಡ ಕೊಟ್ಟಿದ್ದ ಅನೇಕರು ತಮ್ಮ ಹಣ ಹಿಂದಿರುಗಿಸಿರೆಂದು ಕೇಳತೊಡಗಿದರು.

ಅದೇ ವರ್ಷದ ಜೂನ್ ೫ರಂದು ಶಿಕಾಗೋ ನಗರದಲ್ಲಿ ಇಳಿಯುತ್ತಿದ್ದ ಎಕ್ಲಿಪ್ಸ್ ವಿಮಾನವೊಂದು ಗಾಳಿಯ ಹೊಡೆತಕ್ಕೆ ಸಿಕ್ಕಿತು. ಚಾಲಕನು ವೇಗದ ಸನ್ನೆಯನ್ನು ಬಲವಾಗಿ ಮುಂದೊತ್ತಿದನು. ಆಮೇಲೆ ಅದನ್ನು ಎಷ್ಟು ಹಿಂದಕ್ಕೆಳೆದರೂ ಎರಡೂ ಎಂಜಿನುಗಳು ಪೂರ್ಣ ಬಲದಲ್ಲಿಯೇ ಗರ್ಜಿಸುತ್ತಿದ್ದವು. ವಿಮಾನವನ್ನು ಮತ್ತೆ ಮೇಲಕ್ಕೇರಿಸಿ, ಒಂದು ಎಂಜಿನನ್ನು ಆರಿಸಿ, ಹೇಗೋ ಇಳಿಸಿದರು. ಚಕ್ರಗಳ ಟೈರುಗಳು ಸಿಡಿದವು. ಪುಣ್ಯವಶಾತ್ ಯಾರಿಗೂ ಗಾಯವಾಗಲಿಲ್ಲ. ಸನ್ನೆಯಿಂದ ಹೋಗುವ ವಿದ್ಯುತ್ ಸಂಕೇತ ನಿಗದಿಯಾದ ಮಿತಿಯನ್ನು ದಾಟಿದ್ದರಿಂದ ಯಂತ್ರಗಣಕ ದಿಕ್ಕುತಪ್ಪಿದ್ದೇ ಇದಕ್ಕೆ ಕಾರಣ. ಸುರಕ್ಷಿತತೆಯ ತುರ್ತು ಆಜ್ಞೆಗಳು ಹೊರಟವು. ಇಂಥ ವಿಮಾನಕ್ಕೆ ಅರ್ಹತಾಪತ್ರ ಕೊಟ್ಟುದು ಹೇಗೆಂದು ಅಮೆರಿಕೆಯ ಶಾಸನಸಭೆಯ ಉಪಸಮಿತಿಯಲ್ಲಿ ವಿಚಾರಣೆಯೂ ನಡೆಯಿತು.

ಆಪತ್ತು ಬಂದರೆ ಒಂದೇ ಬರುವುದಿಲ್ಲ. ಜುಲೈ ತಿಂಗಳಲ್ಲಿ ರೇಬರ್ನ್ ಅಧಿಕಾರದಿಂದ ಇಳಿದನು. ಯೂರೋಪಿನ ಹೂಡಿಕೆದಾರ ರೂಲ್ ಪೀಪರ್ ಆ ಸ್ಥಾನಕ್ಕೆ ಬಂದನು. ಆಗಸ್ಟಿನಲ್ಲಿ ೬೫೦ ಮಂದಿ ಕೆಲಸ ಕಳೆದುಕೊಂಡರು. ಸೆಪ್ಟೆಂಬರಿನಲ್ಲಿ ಡೇಜೆಟ್ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಜಗತ್ತಿನ ಬ್ಯಾಂಕುಗಳೇ ತತ್ತರಿಸುತ್ತಿದ್ದುದರಿಂದ ಸಾಲ ಹುಟ್ಟುವ ದಾರಿಯೂ ಇರಲಿಲ್ಲ. ೨೦೦೮ರ ನವೆಂಬರ್ ೨೫ರಂದು ಎಕ್ಲಿಪ್ಸ್ ದಿವಾಳಿಯ ರಕ್ಷಣೆ ಬೇಡಿ ನ್ಯಾಯಾಲಯವನ್ನು ಹೊಕ್ಕಿತು. ರಷ್ಯಾದ ಬ್ಯಾಂಕೊಂದರ ಹಣದಿಂದ ಸಂಸ್ಥೆಯನ್ನು ಕೊಂಡುಕೊಳ್ಳುವೆನೆಂದು ಪೀಪರ್ ಹೇಳಿದನು. ಆ ಹಣ ಇಂದು ಬಂದೀತು, ನಾಳೆ ಬಂದೀತು ಎಂದು ಕಾದುದಷ್ಟೇ ಬಂತು. ೨೦೦೯ರ ಫೆಬ್ರವರಿಯಲ್ಲಿ ಸಾಲ ಕೊಟ್ಟವರ ಸಹನೆ ಮುಗಿಯಿತು. ಸಂಸ್ಥೆಯ ಆಸ್ತಿಯನ್ನು ಮಾರಿ ತೀರಿಸುವ ಕ್ರಮ ಮೊದಲಾಯಿತು.

ಸತ್ತದ್ದು ಯಾವುದು, ಉಳಿದದ್ದು ಯಾವುದು?

ಆ ವೇಳೆಗೆ ೨೬೦ ವಿಮಾನಗಳು ಹೊರಬಂದಿದ್ದವು. ಅವುಗಳ ಒಡೆಯರ ಪಾಡು ವಿಚಿತ್ರವಾಯಿತು. ಕಾರು ತಯಾರಿಸಿದವನು ಮುಳುಗಿಹೋದರೂ ಬೀದಿಯ ಮೇಸ್ತ್ರಿ ಹೇಗಾದರೂ ಅದನ್ನು ಓಡಿಸಿಕೊಡುತ್ತಾನೆ. ವಿಮಾನದ ವಿಷಯ ಹಾಗಲ್ಲ. ಅದಕ್ಕೆ ಹಾಕುವ ಒಂದೊಂದು ಬಿಡಿಭಾಗಕ್ಕೂ ಅಧಿಕೃತ ಮೂಲ ಬೇಕು. ದೋಷವೊಂದು ಕಂಡರೆ ಪರಿಹಾರವನ್ನು ರೂಪಿಸಿ ಸರ್ಕಾರದ ಒಪ್ಪಿಗೆ ಪಡೆಯುವವರು ಬೇಕು. ತಾಯಿಯಿಲ್ಲದ ಮಕ್ಕಳಂತಾದ ಆ ವಿಮಾನಗಳು ಒಂದೊಂದಾಗಿ ನೆಲ ಕಚ್ಚುವ ಭಯವಿತ್ತು. ವಿಮಾನ ಕೈಸೇರುವ ಮೊದಲೇ ಹಣ ಕಟ್ಟಿದ್ದವರ ಸ್ಥಿತಿ ಇನ್ನೂ ದಾರುಣ. ಸಾಲಗಾರರ ಸಾಲಿನಲ್ಲಿ ಅವರು ಕಟ್ಟಕಡೆಗೆ ನಿಂತರು.

ಹಾಗೆ ಮುಂಗಡ ಕಟ್ಟಿದ್ದವರಲ್ಲಿ ದಕ್ಷಿಣ ಕ್ಯಾರೊಲೈನಾದ ಮೇಸನ್ ಹಾಲೆಂಡ್ ಎಂಬ ಉದ್ಯಮಿಯೂ ಒಬ್ಬ. ಹೋದ ಹಣಕ್ಕಾಗಿ ಹಲುಬುತ್ತ ಕೂರದೆ, ಆತ ಮೈಕ್ ಪ್ರೆಸ್ ಎಂಬವರೊಡನೆ ಸೇರಿ ‘ಎಕ್ಲಿಪ್ಸ್ ಏರೋಸ್ಪೇಸ್’ ಎಂಬ ಹೊಸ ಕಂಪೆನಿಯನ್ನು ಕಟ್ಟಿದನು. ೨೦೦೯ರ ಆಗಸ್ಟಿನಲ್ಲಿ ನ್ಯಾಯಾಲಯದ ಒಪ್ಪಿಗೆಯಿಂದ ಹಳೆಯ ಸಂಸ್ಥೆಯ ಆಸ್ತಿಯೆಲ್ಲವೂ ಇವರಿಗೆ ಬಂದಿತು. ತೆತ್ತ ಬೆಲೆ ಎರಡು ಕೋಟಿ ಡಾಲರು ನಗದು, ಇನ್ನೆರಡು ಕೋಟಿ ಡಾಲರಿಗೆ ಸಾಲಪತ್ರ. ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ನುಂಗಿದ್ದ ಉದ್ಯಮ ರೂಪಾಯಿಗೆ ನಾಲ್ಕು ಪೈಸೆಯ ಲೆಕ್ಕದಲ್ಲಿ ಕೈ ಬದಲಾಯಿಸಿತು!

ಅವರು ಕೊಂಡದ್ದಾದರೂ ಏನನ್ನು? ಯಂತ್ರಗಳನ್ನು, ಅಚ್ಚುಗಳನ್ನು, ಅರೆಬರೆ ಕಟ್ಟಿದ ವಿಮಾನಗಳನ್ನು ಕೊಂಡರೆಂಬುದು ನಿಜ. ಆದರೆ ಅವೆಲ್ಲಕ್ಕಿಂತ ಬೆಲೆಬಾಳುವ ವಸ್ತು ಒಂದು ಕಾಗದ: ಈ ವಿನ್ಯಾಸ ಹಾರಲು ಯೋಗ್ಯವೆಂದು ಸರ್ಕಾರ ಕೊಟ್ಟ ಅರ್ಹತಾಪತ್ರ. ಅದನ್ನು ಹೊಸದಾಗಿ ಸಂಪಾದಿಸಲು ವರ್ಷಗಳ ಪರೀಕ್ಷೆ, ಕೋಟ್ಯಂತರ ಡಾಲರು ಬೇಕು. ಮೊದಲ ಹೂಡಿಕೆದಾರರ ಹಣ ಮುಳುಗಿತಾದರೂ ಅದು ಗಳಿಸಿಕೊಟ್ಟ ಈ ಪತ್ರ ಮುಳುಗಲಿಲ್ಲ. ಸಾಲದ ಹೊರೆಯಿಂದ ಬಿಡಿಸಿಕೊಂಡು ಅದೊಂದೇ ಹೊರಬಂದಿತು.

ಹಾಲೆಂಡನ ಬಳಗ ಕೂಡಲೇ ಹೊಸ ವಿಮಾನ ಕಟ್ಟಲು ಹೊರಡಲಿಲ್ಲ. ಇದೇ ಅವರ ವಿವೇಕ. ಮೊದಲು ಬಿಡಿಭಾಗಗಳ ಸರಬರಾಜು, ದುರಸ್ತಿ ಕೇಂದ್ರ. ಆ ಬಳಿಕ ಹಳೆಯ ವಿಮಾನಗಳಿಗೆ ಕೊಟ್ಟ ಮಾತಿನಂತೆ ಇರಬೇಕಾಗಿದ್ದ ಎಲ್ಲ ಉಪಕರಣಗಳನ್ನೂ ಅಳವಡಿಸಿ ‘ಟೋಟಲ್ ಎಕ್ಲಿಪ್ಸ್’ ಎಂಬ ಹೆಸರಿನಿಂದ ಮಾರುವುದು. ಹೊಸ ತೊಡಕುಗಳೂ ಬಾರದೆ ಇರಲಿಲ್ಲ. ಎಂಜಿನಿನ ದಹನಕೋಶದಲ್ಲಿ ಗಟ್ಟಿ ಇಂಗಾಲ ಕಟ್ಟಿಕೊಳ್ಳುತ್ತಿದ್ದ ಕಾರಣ, ೨೦೧೧ರಲ್ಲಿ ೩೦,೦೦೦ ಅಡಿಗಿಂತ ಮೇಲೇರಕೂಡದೆಂದು ಆಜ್ಞೆಯಾಯಿತು. ಕೆಳಗಿನ ದಟ್ಟ ಗಾಳಿಯಲ್ಲಿ ಜೆಟ್ ವಿಮಾನ ಹೆಚ್ಚು ಇಂಧನ ಕುಡಿಯುತ್ತದೆ. ಅಷ್ಟರಮಟ್ಟಿಗೆ ಹೋಗಬಹುದಾದ ದೂರವೂ ಕುಗ್ಗುತ್ತದೆ. ಎಂಜಿನಿನ ತಯಾರಕರು ದಹನಕೋಶದ ಒಳಗವಚವನ್ನು ಮಾರ್ಪಡಿಸಿದ ಮೇಲೆಯೇ ವಿಮಾನಕ್ಕೆ ಅದರ ಹಳೆಯ ಎತ್ತರ ಮರಳಿ ದೊರೆಯಿತು.

೨೦೧೦ರಲ್ಲಿ ಹೆಲಿಕಾಪ್ಟರುಗಳಿಗೆ ಹೆಸರಾದ ಸಿಕೋರ್ಸ್ಕಿ ಕಂಪೆನಿ ಪಾಲುದಾರನಾಗಿ ಬಂದಿತು. ಮರುವರ್ಷ ‘ಎಕ್ಲಿಪ್ಸ್ ೫೫೦’ ಎಂಬ ಸುಧಾರಿತ ವಿಮಾನದ ಘೋಷಣೆಯಾಯಿತು. ಬೆಲೆ ಈಗ ಸುಮಾರು ೨೭ ಲಕ್ಷ ಡಾಲರು. ವರ್ಷಕ್ಕೆ ಸಾವಿರವೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಎರಡನೆಯ ಗ್ರಹಣ

ಹಾಸಿಗೆ ಇದ್ದಷ್ಟು ಕಾಲು ಚಾಚಿದರೂ ಹಾಸಿಗೆಯೇ ಕಿರಿದಾಗುತ್ತ ಬಂದರೆ ಏನು ಮಾಡುವುದು? ಸೆಸ್ನಾ, ಎಂಬ್ರಾಯರ್‌ಗಳಂಥ ದೊಡ್ಡ ಕಂಪೆನಿಗಳು ತಮ್ಮ ಸಣ್ಣ ಜೆಟ್‌ಗಳನ್ನು ಅಷ್ಟರಲ್ಲಿ ಮಾರುಕಟ್ಟೆಗೆ ತಂದಿದ್ದವು. ಒಂದು ವಿಮಾನದಲ್ಲಿ ನಷ್ಟವಾದರೆ ಮತ್ತೊಂದರ ಲಾಭದಿಂದ ತುಂಬಿಕೊಳ್ಳುವ ಶಕ್ತಿ ಅವಕ್ಕಿತ್ತು. ಎಕ್ಲಿಪ್ಸಿಗಿದ್ದುದು ಒಂದೇ ವಿಮಾನ. ೨೦೧೫ರಲ್ಲಿ ಅದು ಕೆಸ್ಟ್ರೆಲ್ ಎಂಬ ಕಂಪೆನಿಯೊಡನೆ ಕೂಡಿ ‘ಒನ್ ಏವಿಯೇಷನ್’ ಆಯಿತು. ಮುಖ್ಯಸ್ಥನಾದವನು ಸಿರಸ್ ವಿಮಾನ ಕಂಪೆನಿಯ ಸ್ಥಾಪಕರಲ್ಲೊಬ್ಬನಾದ ಆಲನ್ ಕ್ಲ್ಯಾಪ್‌ಮೈಯರ್. ವಿಧಿಯ ವಿನೋದವನ್ನು ನೋಡಿರಿ: ಸಿರಸ್‌ನಲ್ಲಿದ್ದಾಗ ಆತನೇ ಮೊದಲುಮಾಡಿದ್ದ ಒಂಟಿ ಎಂಜಿನಿನ ಪುಟ್ಟ ಜೆಟ್ ೨೦೧೬ರಲ್ಲಿ ಅರ್ಹತಾಪತ್ರ ಪಡೆದು, ಎಕ್ಲಿಪ್ಸಿಗಿಂತ ಕಡಮೆ ಬೆಲೆಗೆ ಗ್ರಾಹಕರನ್ನು ಸೆಳೆಯತೊಡಗಿತು. ಇನ್ನೊಂದು ವಿನೋದ, ಒನ್ ಏವಿಯೇಷನ್ ಆಲೋಚಿಸಿದ ಮುಂದಿನ ವಿಮಾನಕ್ಕೆ ಆರಿಸಿದ್ದು ಹಿಂದೆ ದೂರ ತಳ್ಳಿದ್ದ ಅದೇ ವಿಲಿಯಮ್ಸ್ ಕಂಪೆನಿಯ ಎಂಜಿನನ್ನು! ಆ ವಿಮಾನ ಮಾರುಕಟ್ಟೆಗೆ ಬರಲೇ ಇಲ್ಲ. ‘೫೫೦’ ಮೂವತ್ತರ ಸುಮಾರಿಗೆ ನಿಂತಿತು. ೨೦೧೮ರ ಅಕ್ಟೋಬರಿನಲ್ಲಿ ಮತ್ತೆ ದಿವಾಳಿ. ಕೊಳ್ಳುವೆನೆಂದು ಮುಂದೆ ಬಂದ ಚೀನಾ ಮೂಲದ ಹೂಡಿಕೆದಾರರ ಒಪ್ಪಂದ ಕೈಗೂಡಲಿಲ್ಲ. ಕೊನೆಗೆ ೨೦೨೦ರ ಅಂತ್ಯದ ಹೊತ್ತಿಗೆ ‘ಎ.ಎಂ.ಎಲ್. ಗ್ಲೋಬಲ್ ಎಕ್ಲಿಪ್ಸ್’ ಎಂಬ ಕಂಪೆನಿ ಆಸ್ತಿಯನ್ನು ವಹಿಸಿಕೊಂಡು, ಇರುವ ವಿಮಾನಗಳ ಪಾಲನೆಯ ಕೆಲಸವನ್ನು ಮುಂದುವರಿಸಿತು.

ಹಾಗಾದರೆ ಪುನರುಜ್ಜೀವನ ಸೋತಿತೆ? ವರ್ಷಕ್ಕೆ ಸಾವಿರ ಜೆಟ್‌ಗಳ ಕನಸನ್ನು ಅಳತೆಗೋಲಾಗಿ ಹಿಡಿದರೆ ಸೋತಿತೆಂದೇ ಹೇಳಬೇಕು. ಆದರೆ ಅಗ್ಗದ ಪುಟ್ಟ ಜೆಟ್ಟನ್ನು ಒಬ್ಬನೇ ಚಾಲಕ ನಡೆಸಬಹುದೆಂಬ ಮಾತು ಇಂದು ಹಾಸ್ಯಾಸ್ಪದವಾಗಿ ಉಳಿದಿಲ್ಲ. ಮೊದಲ ಮುಳುಗಡೆಯ ಬಳಿಕ ಬಂದವರು ಬೆನ್ನಟ್ಟಿದುದು ಕನಸನ್ನಲ್ಲ. ಈಗಾಗಲೇ ಹುಟ್ಟಿದ್ದ ವಿಮಾನಗಳ ಯೋಗಕ್ಷೇಮವನ್ನು. ಅವರು ಅಂದು ಆ ಹೊಣೆಯನ್ನು ಹೊರದೆ ಇದ್ದಿದ್ದರೆ ಕಾಲಿಯರ್ ಪಾರಿತೋಷಕ ಪಡೆದ ಯಂತ್ರಗಳು ಗುಜರಿಯ ಪಾಲಾಗುತ್ತಿದ್ದವು. ಗ್ರಹಣ ಬಿಟ್ಟ ಮೇಲೆ ಸ್ನಾನ ಮುಗಿಸಿ ಮನೆಮಂದಿ ಒಲೆ ಹೊತ್ತಿಸುತ್ತಾರೆ, ಅಷ್ಟೆ. ಅಂದು ಯಾರೂ ಹಬ್ಬದೂಟಕ್ಕೆ ಕಾಯುವುದಿಲ್ಲ. ಮುಳುಗಿದ ಉದ್ಯಮವನ್ನು ಎತ್ತಹೊರಟವರಿಗೂ ಆ ದಿನದ ಅಡುಗೆಯೇ ಮೊದಲ ಕೆಲಸ.