ಸಣ್ಣಕತೆಯ ಶ್ರವಣಸುಖ

ನಮ್ಮ ಹಿರಿಯರು ಕಾವ್ಯವನ್ನು ಓದಿದುದಕ್ಕಿಂತ ಕೇಳಿದುದೇ ಹೆಚ್ಚು. ಗಮಕಿಗಳ ವಾಚನದಿಂದ ಕುಮಾರವ್ಯಾಸ ಭಾರತವು ಅಕ್ಷರ ಬಾರದವರ ಮನೆಗಳನ್ನೂ ಸೇರಿತು. ಸಣ್ಣಕತೆಯಾದರೋ ಅಚ್ಚಿನ ಕೂಸು. 1920ರಲ್ಲಿ ಮಾಸ್ತಿಯವರ ಮೊದಲ ಕಥಾಸಂಕಲನ ಬಂದಂದಿನಿಂದಲೂ ಅದು ಕಣ್ಣಿಗೇ ಮೀಸಲೆಂದು ಹಲವರ ಎಣಿಕೆ. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಬಾನುಲಿಯನ್ನು ಆರಂಭಿಸಿದ ಮೇಲೆ ಕಿವಿಯ ಹಾದಿ ಮತ್ತೆ ತೆರೆಯಿತು.

ಮಾಸ್ತಿಯವರ 'ರಂಗನ ಮದುವೆ'ಯನ್ನೇ ನೋಡಿ. ಕತೆ ಹೇಳುವಾತ ಹೊಸಹಳ್ಳಿಯ ವಿಷಯವನ್ನು ಎದುರಿಗೆ ಕುಳಿತವರೊಡನೆ ಹರಟುವಂತೆ ತೆಗೆಯುತ್ತಾನೆ. ಗಟ್ಟಿಯಾಗಿ ಓದಿದಾಗ ಆ ಸಲಿಗೆ, ಆ ತುಂಟತನ ತಾವಾಗಿಯೇ ಮನಮುಟ್ಟುತ್ತವೆ.

ಇದಕ್ಕೆ ಕಾರಣ ಕನ್ನಡದ ಜಾಯಮಾನ. 'ಬಂದನೇ' ಎಂಬ ಒಂದೇ ಮಾತು ಪ್ರಶ್ನೆಯೂ ಆದೀತು, ಅಚ್ಚರಿಯೂ ಆದೀತು. 'ಬಂದನಂತೆ' ಎಂಬಲ್ಲಿ ಬರಿಯ ವಾರ್ತೆಯೂ ಇರಬಹುದು, ಮೂದಲಿಕೆಯೂ ಇರಬಹುದು. ಯಾವುದೆಂದು ನಿರ್ಣಯಿಸುವುದು ದನಿ.

ಆದರೆ ಕೇಳುವವರಿಗೆ ಹಾಳೆಯನ್ನು ಹಿಂದಕ್ಕೆ ತಿರುವುವ ಅನುಕೂಲವಿಲ್ಲ. ಆದುದರಿಂದ ಓದುವವರು ಹೆಸರುಗಳನ್ನು ಸ್ಪಷ್ಟವಾಗಿ ನುಡಿಯಬೇಕು. ಸಂಭಾಷಣೆಯಲ್ಲಿ ದನಿಯನ್ನು ಕೊಂಚ ಬದಲಿಸಿದರೆ ಸಾಕು, ನಾಟಕವಾಡಬೇಕಿಲ್ಲ. ಕೊನೆಯ ವಾಕ್ಯಕ್ಕೆ ಮುನ್ನ ಒಂದು ಉಸಿರಿನಷ್ಟು ನಿಲ್ಲಬೇಕು. ಕೇಳುವವರೂ ಕೈಗೆಲಸವನ್ನು ಬದಿಗಿಟ್ಟು ಮೊದಲ ನಾಲ್ಕು ವಾಕ್ಯಗಳಿಗೆ ಪೂರ್ಣವಾಗಿ ಕಿವಿಗೊಡಬೇಕು. ಊರು, ಕಾಲ, ಜನ ಬಹುಮಟ್ಟಿಗೆ ಅಲ್ಲಿಯೇ ಪರಿಚಯವಾಗುವುದು.

ಕಣ್ಣು ಮಂಜಾದ ಅಜ್ಜ, ಓದು ಬಾರದ ತಾಯಿ, ಅಕ್ಷರ ಕೂಡಿಸಲು ಕಲಿಯುತ್ತಿರುವ ಮಗು, ಈ ಮೂವರೂ ಒಂದೇ ಕತೆಗೆ ಒಂದೇ ಗಳಿಗೆಯಲ್ಲಿ ನಗಬೇಕಾದರೆ ಯಾರಾದರೂ ಅದನ್ನು ಗಟ್ಟಿಯಾಗಿ ಓದಲೇಬೇಕು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮನೆಯಲ್ಲಿ ಒಬ್ಬರು ಓದಲಿ, ಉಳಿದವರು ಕೇಳಲಿ.